ಒದಗುವ ಅಕ್ಕಿಗೆ ನಾನು ಬರೆದ ಅರ್ಥ

ಪದಗಳ ವಿಷಯದಲ್ಲಿ ನಾನು ಗಟ್ಟಿಗಿತ್ತಿ ಎಂಬ ನಂಬಿಕೆ ನನಗೆ ಬಹಳ ದಿನ ಇತ್ತು. ಜಂಬ ಅಂದುಕೊಳ್ಳಬೇಡಿ, ಅದಕ್ಕೆ ದಾಖಲೆ ಇದೆ. ಎಂ.ಎ. ಕನ್ನಡ, ಪ್ರಥಮ ದರ್ಜೆ. ಚಾಮರಾಜನಗರದಲ್ಲಿ ಒಂದು ಬಾಡಿಗೆ ಕೋಣೆ, ಕೋಣೆಯಲ್ಲೊಂದು ಮೇಜು, ಮೇಜಿನ ಮೇಲೆ ಅಕಾರಾದಿಯಾಗಿ ಜೋಡಿಸಿಟ್ಟ ಚೀಟಿಗಳು. ನಮ್ಮ ಸೀಮೆಯ ಆಡುಮಾತಿನ ಪದಕೋಶವೊಂದು ತಯಾರಾಗುತ್ತಿದೆ. ಜನ ಆಡುವ ಪದವನ್ನು ಹೆಕ್ಕುವುದು, ಅರ್ಥ ಬರೆಯುವುದು, ಕೊನೆಗೊಂದು ಉದಾಹರಣೆ ವಾಕ್ಯ ಕೊಡುವುದು, ಇಷ್ಟು ನನ್ನ ಕೆಲಸ. ಹೆಚ್ಚು ಮಾತಾಡದವರಿಗೆ ಹೇಳಿ ಮಾಡಿಸಿದಂಥದ್ದು. ಬೇರೆಯವರು ಮಾತಾಡುತ್ತಾರೆ, ನಾನು ಬರೆದುಕೊಳ್ಳುತ್ತೇನೆ.

ನನ್ನ ಅರ್ಧ ಪದಕೋಶ ಗುಂಡ್ಲುಪೇಟೆಯ ಈರುಳ್ಳಿ ಮಂಡಿಗಳ ಹಿಂದಿನ ಬೀದಿಯಲ್ಲಿ, ಒಂದು ಮನೆಯ ಜಗಲಿಯ ಮೇಲೆ, ಕಾಲು ಚಾಚಿ ಕೂತಿರುತ್ತಿತ್ತು. ಅದು ನನ್ನ ಅಜ್ಜಿ, ಅಮ್ಮನ ಅಮ್ಮ. ಭಾನುವಾರ ಬಂದರೆ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ಅಜ್ಜಿ ಬೈದರೂ ನನಗೆ ಲಾಭವೇ. ಬೈಗುಳಕ್ಕೆಂದೇ ಪ್ರತ್ಯೇಕ ಡಬ್ಬಿ ಇಟ್ಟಿದ್ದೆ.

ಹಾಗೆ ಒಂದು ಭಾನುವಾರ ಸಿಕ್ಕಿದ ಪದ ‘ಒದಗು’. ಅಜ್ಜಿ ಅದನ್ನು ಯಾವುದಕ್ಕೆ ಬೇಕಾದರೂ ಬಳಸುತ್ತಿದ್ದಳು. ಹಳೆಯ ಅಕ್ಕಿ ಒದಗುತ್ತದೆ, ಹೊಸ ಅಕ್ಕಿ ಒದಗುವುದಿಲ್ಲ. ಅಂಗಡಿಯ ಸೋಪು ಒದಗುವುದೇ ಇಲ್ಲ, ವಾರಕ್ಕೆ ಕರಗಿಹೋಗುತ್ತದೆ. ಎದುರು ಮನೆಯ ನೂರ್‌ಜಾನ್ ಆಂಟಿಯ ಕೈ ಒದಗುವ ಕೈ, ಇದ್ದಷ್ಟರಲ್ಲೇ ಹತ್ತು ಜನಕ್ಕೆ ಬಡಿಸುತ್ತಾಳೆ. ನಾನು ಫೋನಿನ ರೆಕಾರ್ಡರ್ ಒತ್ತಿ ಅಜ್ಜಿಯ ಮುಂದೆ ಹಿಡಿದೆ.

“ಅಜ್ಜಿ, ಒದಗೋದು ಅಂದ್ರೆ ಏನು? ಸರಿಯಾಗಿ ಹೇಳು.”

“ಒದಗೋದು ಅಂದ್ರೆ ಒದಗೋದು ಕಣಮ್ಮಿ. ಅಕ್ಕಿ ಬೆಂದು ಜಾಸ್ತಿ ಆಯ್ತದಲ್ಲ, ಅದು.”

“ಬೇಯುವಾಗ ಉಬ್ಬೋದು. ಅಷ್ಟೇ ತಾನೆ?”

“ಉಬ್ಬೋದೇ ಬ್ಯಾರೆ, ಒದಗೋದೇ ಬ್ಯಾರೆ. ಪೂರಿ ಉಬ್ಬಲ್ವಾ? ಬೆಳ್ಳಲ್ಲಿ ಚುಚ್ಚುದ್ರೆ ಟುಸ್ಸಂತ ಓಯ್ತದೆ. ಒದಗೋದು ಅಂಗಲ್ಲ. ಮೆಲ್ಲಕೆ ಆಯ್ತದೆ. ಇರು, ಇನ್ನೂ ಅದೆ, ಕೇಳು...”

“ಸಾಕಜ್ಜಿ, ಅರ್ಥ ಸಿಕ್ತು!” ಎಂದು ನಾನು ರೆಕಾರ್ಡರ್ ನಿಲ್ಲಿಸಿದೆ. ಬಸ್ಸಿಗೆ ಹೊತ್ತಾಗಿತ್ತು. “ಉದಾಹರಣೆ ವಾಕ್ಯ ಮುಂದಿನ ವಾರ ತಗೊಳ್ತೀನಿ.”

“ಬಾ, ಒಂದು ಪಾವು ಬೇಯ್ಸೇ ತೋರುಸ್ತೀನಿ. ಬಾಯಲ್ಲಿ ಏಳುದ್ರೆ ನಿಂಗೆ ಗೊತ್ತಾಗಲ್ಲ,” ಅಂದಳು ಅಜ್ಜಿ.

ಕೋಣೆಗೆ ಬಂದು ಚೀಟಿ ಬರೆದೆ. ‘ಒದಗು: ಬೇಯುವಾಗ ಧಾನ್ಯವು ನಿಧಾನವಾಗಿ ಹೆಚ್ಚಾಗು, ಕ್ರಮೇಣ ವೃದ್ಧಿಯಾಗು.’ ಓದಿ ನೋಡಿ ಸಂತೋಷವಾಯಿತು. ‘ನಿಧಾನವಾಗಿ’ ಒಂದು ಕಡೆ, ‘ಕ್ರಮೇಣ’ ಇನ್ನೊಂದು ಕಡೆ. ಎಂಥ ಸಮತೂಕ! ಕೆಳಗೆ ‘ಉದಾಹರಣೆ’ ಎಂದು ಬರೆದು ಜಾಗ ಬಿಟ್ಟೆ.

ಮುಂದಿನ ಭಾನುವಾರ ಹೋಗಲಿಲ್ಲ. ಚೀಟಿಗಳನ್ನು ತಿದ್ದಿ ಸಂಪಾದಕರಿಗೆ ಕಳಿಸುವುದಿತ್ತು. ಬುಧವಾರ ಬೆಳಿಗ್ಗೆ ಮಾವನ ಫೋನು ಬಂತು. ಅಜ್ಜಿ ಜಗಲಿಯ ಮೇಲೆ ಕೂತಿದ್ದವಳು ಹಾಗೇ ಗೋಡೆಗೆ ಒರಗಿದ್ದಳಂತೆ. ಕಾಫಿ ಲೋಟ ಪಕ್ಕದಲ್ಲೇ ಇತ್ತಂತೆ. ಬೀಳಲಿಲ್ಲವಂತೆ.

ಆ ಬಸ್ ಪ್ರಯಾಣದ ಬಗ್ಗೆ ನಾನು ಬರೆಯುವುದಿಲ್ಲ.

ಅಜ್ಜಿಗೆ ಒಂದೇ ಒಂದು ಆಸೆ ಇತ್ತು, ಅದನ್ನು ಅವಳು ವರ್ಷಕ್ಕೆ ಹತ್ತು ಸಲ ಹೇಳುತ್ತಿದ್ದಳು. ನಮ್ಮ ತಾತನ ತಿಥಿ ಊಟದಲ್ಲಿ ಅನ್ನ ಸಾಲದೆ ಕೊನೆಯ ಪಂಕ್ತಿಯವರು ಅರ್ಧಕ್ಕೇ ಎದ್ದರಂತೆ. ಅದಾಗಿ ನಲವತ್ತು ವರ್ಷವಾದರೂ ಎದ್ದವರ ಹೆಸರು ಅಜ್ಜಿಗೆ ಬಾಯಿಪಾಠ. “ನನ್ ತಿಥೀಲಿ ಮಾತ್ರ ಒಬ್ರೂ ಅರೆಒಟ್ಟೇಲಿ ಏಳ್ಬಾರ್ದು ಕಣ್ರವ್ವ. ಎದ್ರೋ, ನಾನು ಎದ್ಬಂದು ಕೇಳ್ತೀನಿ!” ಅನ್ನುತ್ತಿದ್ದಳು. ನಾವು ನಗುತ್ತಿದ್ದೆವು.

ಈಗ ನಗಲಿಲ್ಲ. ಹನ್ನೊಂದನೆಯ ದಿನದ ಊಟಕ್ಕೆ ತಯಾರಿ ಮಾಡುವಾಗ ಮಾವ ನನ್ನನ್ನು ಕರೆದ. ಮಾವ ಈರುಳ್ಳಿ ಮಂಡಿಯೊಂದರಲ್ಲಿ ಗುಮಾಸ್ತ. ಅಳುವುದು ಗೊತ್ತಿಲ್ಲದ ಮನುಷ್ಯ. ಬೆಳಿಗ್ಗೆಯಿಂದ ಒಂದೇ ಕುರ್ಚಿಯನ್ನು ಒಳಗಿಂದ ಹೊರಗೆ, ಹೊರಗಿಂದ ಒಳಗೆ ಸಾಗಿಸುತ್ತಿದ್ದ.

“ಅನ್ನದ ಅಂದಾಜು ನಿಂಗೇ ಬುಟ್ಟಿವ್ನಿ ಕಣಮ್ಮಿ. ಅವ್ವನ ಮಾತು ಉಳೀಬೇಕು. ನೀನು ಓದಿದೋಳು.”

‘ಓದಿದವಳು’ ಎಂಬುದು ನಮ್ಮ ಮನೆಯಲ್ಲಿ ಪದವಿ. ನನಗೆ ಆ ಹೊತ್ತಿಗೆ ಏನಾದರೂ ಕೆಲಸ ಬೇಕಾಗಿತ್ತು. ಕಾಗದ ತೆಗೆದೆ, ಗೆರೆ ಎಳೆದೆ. ಬರುವವರು ಇನ್ನೂರ ಹನ್ನೆರಡು. ಮಕ್ಕಳನ್ನು ಅರ್ಧ ಎಂದು ಹಿಡಿದರೆ ನೂರ ತೊಂಬತ್ತೇಳೂವರೆ. ತಲೆಗಿಷ್ಟು ಗ್ರಾಂ, ಗುಣಾಕಾರ, ಮೇಲೊಂದಿಷ್ಟು ಮುನ್ನೆಚ್ಚರಿಕೆ.

ಅಡುಗೆಗೆ ಹಂಗಳದಿಂದ ಸಿದ್ದಣ್ಣ ಬಂದಿದ್ದ. ಸುತ್ತಲ ಊರುಗಳ ಮದುವೆ, ತಿಥಿ ಎಲ್ಲಕ್ಕೂ ಅವನೇ. ಹೆಗಲ ಮೇಲೆ ಟವಲು, ಕಿವಿಯಲ್ಲಿ ಬೀಡಿ.

“ಎಷ್ಟ್ ಸೇರು ಅಕ್ಕಿ ಆಕ್ಬೇಕವ್ವ?”

“ಮೂವತ್ತೆರಡು ಕಿಲೋ ಆರುನೂರು ಗ್ರಾಂ.”

ಸಿದ್ದಣ್ಣ ಬೀಡಿಯನ್ನು ಒಂದು ಕಿವಿಯಿಂದ ತೆಗೆದು ಇನ್ನೊಂದು ಕಿವಿಗೆ ಸಿಕ್ಕಿಸಿಕೊಂಡ. “ಆ ಆರುನೂರು ಗ್ರಾಮು ಯಾರ್ ಊಟ ಮಾಡಾರು?”

“ಅದು ಮುನ್ನೆಚ್ಚರಿಕೆ.”

“ಸರಿ ಬುಡಿ. ಅಕ್ಕಿ ಅಳೇದೋ, ಒಸದೋ?”

“ಹಳೆಯದಾದರೇನು, ಹೊಸದಾದರೇನು ಸಿದ್ದಣ್ಣ? ತೂಕ ತೂಕವೇ.”

ಅವನು ಏನೂ ಹೇಳಲಿಲ್ಲ. ತುಂಬಾ ಅನುಭವ ಇರುವವರು ಏನೂ ಹೇಳದೆ ಇದ್ದಾಗ ಹೆದರಬೇಕು ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಅಕ್ಕಿ ಎಲ್ಲಿಂದ ಎಂಬುದನ್ನು ಅಮ್ಮ ತೀರ್ಮಾನ ಮಾಡಿದಳು. “ಅಂಗಡಿ ಅಕ್ಕಿ ಬೇಡ. ಅವ್ವನ ಗುಡಾಣಗಳಲ್ಲಿ ಅದೆ, ಅದನ್ನೇ ಹಾಕು,” ಅಂದಳು. ಒಳಕೋಣೆಯ ಮೂಲೆಯಲ್ಲಿ ಆಳುದ್ದದ ಎರಡು ಮಣ್ಣಿನ ಗುಡಾಣಗಳಿದ್ದವು. ಅವು ನನಗೆ ಚೆನ್ನಾಗಿ ಗೊತ್ತು. ಮೂರು ವರ್ಷದಿಂದ ಬೇಸಿಗೆಯ ಭಾನುವಾರಗಳಲ್ಲಿ ಆ ಅಕ್ಕಿಯನ್ನು ಹೊರಗೆ ತೆಗೆದು, ಬಿಸಿಲಿಗೆ ಹರವಿ, ಕೇರಿ, ಹೊಸ ಬೇವಿನ ಸೊಪ್ಪು ಹಾಕಿ ಮತ್ತೆ ತುಂಬುವುದು ಅಜ್ಜಿಯ ಕೆಲಸ. ಕಲ್ಲು ಆರಿಸಲು ನಾನೂ ಕೂರುತ್ತಿದ್ದೆ. “ಇದನ್ನ ಬೇಯಿಸಿ ತಿಂದುಬಿಡಬಾರದಾ ಅಜ್ಜಿ? ಹುಳ ಬೀಳುತ್ತೆ,” ಎಂದು ಬುದ್ಧಿ ಹೇಳುತ್ತಿದ್ದೆ. “ಇರ್ಲಿ ಬುಡವ್ವ, ಅಳೇದಾದಷ್ಟೂ ಒದಗ್ತದೆ,” ಅನ್ನುತ್ತಿದ್ದಳು. ಆ ಮಾತನ್ನು ಮಾತ್ರ ನಾನು ಬರೆದುಕೊಂಡಿರಲಿಲ್ಲ.

ನನ್ನ ಹೊಣೆ ದೊಡ್ಡದು. ಆದ್ದರಿಂದ ತಿಥಿಯ ಹಿಂದಿನ ದಿನ ಒಂದು ಪ್ರಯೋಗ ಮಾಡಿದೆ. ಒಂದು ಲೋಟ ಅಕ್ಕಿ, ಅಳತೆಯ ನೀರು, ಸಣ್ಣ ಪಾತ್ರೆ. ಫೋನಿನಲ್ಲಿ ಹದಿನೈದು ನಿಮಿಷಕ್ಕೆ ಗಂಟೆ ಇಟ್ಟೆ. ನನ್ನ ಕೋಣೆಯಲ್ಲಿ ಅನ್ನ ಹದಿನೈದು ನಿಮಿಷಕ್ಕೆ ಆಗುತ್ತದೆ. ಗಂಟೆ ಹೊಡೆಯಿತು, ಒಲೆ ಆರಿಸಿದೆ, ಮುಚ್ಚಳ ತೆಗೆದೆ. ಕಾಳು ಕಾಳಾಗಿ ಗಟ್ಟಿಯಾಗಿ, ಮುನಿಸಿಕೊಂಡ ನೆಂಟರ ಹಾಗೆ ಪಾತ್ರೆಯ ತಳದಲ್ಲಿ ಕೂತಿತ್ತು. ಅಳೆದು ನೋಡಿದರೆ ಒಂದೂವರೆ ಲೋಟವೂ ಇಲ್ಲ!

“ಒಸಿ ತಾಳವ್ವ, ಇನ್ನೂ ಬೇಯಲಿ,” ಅಂದ ಅಲ್ಲೇ ಕುಂಬಳಕಾಯಿ ನೋಡುತ್ತಿದ್ದ ಸಿದ್ದಣ್ಣ.

“ಹದಿನೈದು ನಿಮಿಷ ಆಯಿತು ಸಿದ್ದಣ್ಣ.”

“ಅಕ್ಕಿಗೆ ಗಡಿಯಾರ ನೋಡಕ್ಕೆ ಬಂದದಾ?”

ನಾನು ಕಾಗದದಲ್ಲಿ ಬರೆದೆ: ‘ಅಕ್ಕಿ ಬಹಳ ಹಳೆಯದು, ಸತ್ವ ಇಂಗಿದೆ, ಒದಗುವಿಕೆ ತೃಪ್ತಿಕರವಲ್ಲ.’ ಹಳೆಯ ಲೆಕ್ಕ ಹೊಡೆದು ಹಾಕಿ ಹೊಸದು ಮಾಡಿದೆ. ಐವತ್ತೆಂಟು ಕಿಲೋ. ಸಿದ್ದಣ್ಣ ಅಮ್ಮನ ಮುಖ ನೋಡಿದ. ಅಮ್ಮ ಮಾವನ ಮುಖ ನೋಡಿದಳು. ಮಾವ ಕುರ್ಚಿ ಎತ್ತಿಕೊಂಡು ಒಳಗೆ ಹೋಗುತ್ತಾ, “ಅವ್ಳು ಓದಿದೋಳು ಕಣಪ್ಪ, ಅಂಗೇ ಮಾಡು,” ಅಂದ.

ಹನ್ನೊಂದನೆಯ ದಿನ ಬೆಳಿಗ್ಗೆ ಹಿತ್ತಿಲಲ್ಲಿ ಮೂರು ಒಲೆ ಹೂಡಿದರು. ಮೂರು ದೊಡ್ಡ ದಬರಿಗಳಲ್ಲಿ ಅಕ್ಕಿ ಬಿತ್ತು. ನಾನು ಕಾಗದ ಹಿಡಿದು ಪಕ್ಕದಲ್ಲೇ ನಿಂತೆ. ಅರ್ಧ ಗಂಟೆ ಕಳೆಯಿತು. ಅಷ್ಟರಲ್ಲಿ ಚಂದಕವಾಡಿಯಿಂದ ಅಜ್ಜಿಯ ತಂಗಿ, ನಮ್ಮ ಚಿಕ್ಕಜ್ಜಿ, ಟೆಂಪೋದಲ್ಲಿ ಬಂದಳು. ಪಟ್ಟಿಯಲ್ಲಿ ಅವಳ ಕಡೆಯವರು ಎಂಟು. ಟೆಂಪೋದಿಂದ ಇಳಿಯುತ್ತಲೇ ಇದ್ದರು. ಹದಿನೆಂಟರ ತನಕ ಎಣಿಸಿ ಬಿಟ್ಟೆ.

ಓಡಿಹೋಗಿ ದಬರಿಯ ಮುಚ್ಚಳ ಎತ್ತಿ ನೋಡಿದೆ. ಆಳದಲ್ಲಿ, ಬಿಳಿ ನೀರಿನ ಕೆಳಗೆ, ಒಂದಿಷ್ಟೇ ಇಷ್ಟು ಅಕ್ಕಿ. ಕಣ್ಣ ಮುಂದೆ ತಾತನ ತಿಥಿಯ ಕೊನೆಯ ಪಂಕ್ತಿ ಬಂತು. ನಲವತ್ತು ವರ್ಷ ಬಾಯಿಪಾಠವಾಗಿದ್ದ ಹೆಸರುಗಳು ಬಂದವು. ಅಜ್ಜಿ ಜೀವ ಇರುವವರೆಗೂ ಕೇಳಿದ್ದು ಇದೊಂದೇ, ಅದನ್ನೂ ನಾನು ಕೆಡಿಸುತ್ತಿದ್ದೇನೆ!

“ಸಿದ್ದಣ್ಣ, ಇನ್ನೊಂದು ದಬರಿ ಇಡಿ. ಗುಡಾಣದಲ್ಲಿ ಉಳಿದದ್ದನ್ನೆಲ್ಲ ಹಾಕಿ.”

ಸಿದ್ದಣ್ಣ ವಡೆ ಕರಿಯುತ್ತಿದ್ದ. ಜಾಲರಿ ಎತ್ತಿ ಹಿಡಿದೇ ಹೇಳಿದ: “ಬ್ಯಾಡ ಕಣವ್ವ. ಅಳೇ ಅಕ್ಕಿ ಅದು. ಎದ್ರೆ ಇಡಿಯಕ್ಕಾಗಲ್ಲ.”

“ಸಾಲದಿದ್ದರೆ ಯಾರು ಹೊಣೆ?”

“ಉಳುದ್ರೆ ಯಾರು ಒಣೆ?”

“ನಾನು!” ಅಂದೆ. ನನ್ನ ಬದುಕಿನಲ್ಲಿ ಇಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಜಗಲಿಯ ಮೇಲಿದ್ದ ನೆಂಟರೆಲ್ಲ ತಿರುಗಿ ನೋಡಿದರು. ನಾಲ್ಕನೆಯ ದಬರಿ ಒಲೆಗೇರಿತು.

ಇನ್ನು ಮುಂದೆ ನಡೆದದ್ದನ್ನು ನಾನು ಬರೆದ ಅರ್ಥದ ಕ್ರಮದಲ್ಲೇ ಹೇಳುತ್ತೇನೆ. ಮೊದಲು ‘ನಿಧಾನವಾಗಿ’. ಮೊದಲ ದಬರಿಯ ಮುಚ್ಚಳ ಒಂದು ಬೆರಳಷ್ಟು ಎದ್ದಿತು. ಒಳಗಿನಿಂದ ಯಾರೋ ಮರ್ಯಾದೆಯಾಗಿ ಹೊರಗೆ ಇಣುಕಿದಂತೆ. ನನಗೆ ಖುಷಿಯಾಯಿತು. ಆಮೇಲೆ ‘ಕ್ರಮೇಣ’. ಮುಚ್ಚಳ ಒಂದು ಗೇಣು ಎದ್ದಿತು. ಎರಡನೆಯದೂ ಎದ್ದಿತು. ಮೂರನೆಯದರ ಮುಚ್ಚಳ ಜಾರಿ ಠಣ್ ಎಂದು ಕಲ್ಲಿನ ಮೇಲೆ ಬಿತ್ತು. ಅನ್ನ ಅಂಚಿಗೆ ಬಂತು, ಅಂಚು ದಾಟಿತು, ದಬರಿಯ ಹೊಟ್ಟೆಯ ಮೇಲೆ ಇಳಿಯತೊಡಗಿತು. ಒಂದೊಂದು ಅಗುಳೂ ಮಲ್ಲಿಗೆ ಮೊಗ್ಗಿನಷ್ಟುದ್ದ, ಉದುರುದುರು. ಸಿಟ್ಟಿಲ್ಲ, ಸದ್ದಿಲ್ಲ. ಸುಮ್ಮನೆ ಹೆಚ್ಚುತ್ತಿತ್ತು.

“ಬಸೀರಿ! ಬಸೀರಿ!” ಎಂದು ಸಿದ್ದಣ್ಣ ಕೂಗಿದ. ಚಾಪೆ ಹಾಸಿ, ಚಾಪೆಯ ಮೇಲೆ ಬಿಳಿ ಪಂಚೆ ಹಾಸಿ, ಗಂಜಿ ಬಸಿದು ಅನ್ನ ಸುರಿದರು. ಮನೆಯಲ್ಲಿದ್ದ ಮಂಕರಿಗಳು ತುಂಬಿದವು. ಮಾವನ ಮದುವೆಯ ಪಂಚೆ ತುಂಬಿತು. ಜಗಲಿಯ ಅರ್ಧ ತುಂಬಿತು. ಮಾವ ಕುರ್ಚಿ ಹಿಡಿದು ಬಂದವನು ಇಡಲು ಜಾಗವಿಲ್ಲದೆ ಹಾಗೇ ನಿಂತ.

ಎದುರು ಮನೆಯ ನೂರ್‌ಜಾನ್ ಆಂಟಿ ಬಾಗಿಲಿಗೆ ಬಂದು ನೋಡಿದಳು. ಅವಳ ಗಂಡ ಪಾತ್ರೆಗಳಿಗೆ ಕಲಾಯಿ ಹಾಕುವವರು.

“ಅರೇ ಬೇಟಿ! ಗೋಪಾಲಸ್ವಾಮಿ ಬೆಟ್ಟ ಎದ್ಕೊಂಡು ನಿಮ್ ಜಗಲಿಗೇ ಬಂದೈತಲ್ಲ!”

“ಒಂಚೂರು ಅಂದಾಜು ತಪ್ಪಿತು ಆಂಟಿ.”

“ಒಂಚೂರಾ?” ಎಂದು ಅವಳು ಒಳಗೆ ಹೋಗಿ ಬಿರಿಯಾನಿ ಮಾಡುವ ಎರಡು ದೇಗುಗಳನ್ನು ಉರುಳಿಸಿಕೊಂಡು ಬಂದಳು. ಅವೂ ತುಂಬಿದವು. ನಾಲ್ಕನೆಯ ದಬರಿ ಇನ್ನೂ ಏಳುತ್ತಲೇ ಇತ್ತು.

ಊಟಕ್ಕೆ ಎಲೆ ಹಾಕಿದೆವು. ಅನ್ನ ಬಡಿಸಿದೆವು, ಬಡಿಸಿದೆವು, ಬಡಿಸುತ್ತಲೇ ಇದ್ದೆವು. ಆಗ ಗೊತ್ತಾದದ್ದು ನನ್ನ ಇನ್ನೊಂದು ಸಾಧನೆ. ಅನ್ನವನ್ನು ಮೂರು ಪಟ್ಟು ಮಾಡಿದ್ದೆನೇ ಹೊರತು ಸಾರಿನ ಅಳತೆ ಬದಲಿಸಿರಲಿಲ್ಲ! ಎರಡನೆಯ ಪಂಕ್ತಿಯ ಹೊತ್ತಿಗೆ ಸಿದ್ದಣ್ಣ ಸಾರಿನ ಪಾತ್ರೆಗೆ ಬಿಸಿನೀರು ಹೊಯ್ಯತೊಡಗಿದ. ಮೂರನೆಯ ಪಂಕ್ತಿಗೆ ಸಾರಿನ ತಳ ಕಾಣುತ್ತಿತ್ತು, ಬೇಳೆ ಕಾಣುತ್ತಿರಲಿಲ್ಲ.

ಉಳಿದದ್ದನ್ನು ಹಂಚಿಬಿಡಬಹುದಿತ್ತಲ್ಲ ಅನ್ನಬಹುದು. ಆಗದು. ತಿಥಿಯ ಅನ್ನ ಇನ್ನೊಬ್ಬರ ಹೊಸ್ತಿಲು ದಾಟಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ಬಂದವರು ಕೂತು ಉಣ್ಣಬೇಕು, ಡಬ್ಬಿಗೆ ತುಂಬಿಕೊಂಡು ಹೋಗುವಂತಿಲ್ಲ. ಹಸುವಿಗೆ ಹಾಕೋಣವೆಂದರೆ ಅಷ್ಟು ಅನ್ನ ತಿಂದ ಹಸು ಹೊಟ್ಟೆ ಉಬ್ಬರಿಸಿಕೊಂಡು ಸಾಯುತ್ತದೆ. ಬಿಸಾಡುವ ಮಾತನ್ನು ಯಾರೂ ಎತ್ತಲಿಲ್ಲ. ಅದು ಅಜ್ಜಿಯ ಅನ್ನ. ದಾರಿ ಒಂದೇ: ತಿನ್ನಿಸುವುದು.

ನೆಂಟರ ಮೇಲೆ ನಾನು ನಡೆಸಿದ ದೌರ್ಜನ್ಯವನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. “ಇನ್ನೊಂದ್ ಸ್ವಲ್ಪ” ಎಂದು ನಾನು ಸೌಟು ಎತ್ತುವುದು, ಅವರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುವುದು. “ಅಜ್ಜಿ ಬೇಜಾರು ಮಾಡ್ಕೊಳ್ತಾಳೆ” ಎಂದರೆ ಕೈ ತಾನಾಗಿ ಸರಿಯುತ್ತಿತ್ತು. ಸತ್ತವರ ಹೆಸರಿನಲ್ಲಿ ಬೆದರಿಸಿ ಬಡಿಸಿದ ಮೊದಲ ಮೊಮ್ಮಗಳು ನಾನೇ ಇರಬೇಕು. ದೂರದ ಸಂಬಂಧದ ಒಬ್ಬ ದೊಡ್ಡಪ್ಪ ಎದ್ದು ನಿಲ್ಲಲಾಗದೆ ಇಬ್ಬರ ಹೆಗಲು ಹಿಡಿದರು. “ಒಬ್ರೂ ಅರೆಒಟ್ಟೇಲಿ ಏಳ್ಬಾರ್ದು ಅಂದಿದ್ಲು ಅತ್ತೆ. ಯಾರೂ ಏಳಂಗೇ ಇಲ್ವಲ್ಲವ್ವ!” ಅಂದರು.

ಆಗ ಚಿಕ್ಕಜ್ಜಿ ಊಟಕ್ಕೆ ಕೂತಳು. ಅಕ್ಕ ಹೋದಾಗಿನಿಂದ ಅವಳಿಗೆ ಬಾಯಿಗೆ ಏನೂ ರುಚಿಸುತ್ತಿರಲಿಲ್ಲವಂತೆ. ಒಂದು ಅಗುಳು ಎತ್ತಿ ಬೆರಳಲ್ಲಿ ಹೊಸಕಿದಳು. ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ನನ್ನ ಕಡೆ ನೋಡಿದಳು.

“ಇದು ನಮ್ ಗದ್ದೆ ಅಕ್ಕಿ ಅಲ್ವಮ್ಮಿ?”

“ಅಜ್ಜಿಯ ಗುಡಾಣದ್ದು, ಚಿಕ್ಕಜ್ಜಿ.”

“ಅದೇ ಕಣವ್ವ. ನಾನೇ ಎರಡು ಮೂಟೆ ಕಳ್ಸಿದ್ದೆ, ಮೂರು ವರ್ಸ ಆಯ್ತು. ಮೊಮ್ಮಗಳ ಧಾರೆ ಊಟಕ್ಕೆ ಇಡ್ಬೇಕು, ಒಸ ಅಕ್ಕಿ ಒದಗಲ್ಲ, ಈಗ್ಲೇ ಕಳ್ಸು ಅಂದಿದ್ಲು ಅಕ್ಕ.” ಆಮೇಲೆ ಗಾಬರಿಯಾದವಳಂತೆ ಅಮ್ಮನ ಕಡೆ ತಿರುಗಿದಳು. “ಯಾಕೆ, ಈ ಮಗೀಗೆ ಗೊತ್ತಿರ್ನಿಲ್ವಾ?”

ಸೌಟು ನನ್ನ ಕೈಯಲ್ಲೇ ಇತ್ತು.

ಮೂರು ವರ್ಷದ ಹಿಂದೆ ನನಗೊಂದು ಮದುವೆ ಗೊತ್ತಾಗಿತ್ತು. ಆಮೇಲೆ ಆಗಲಿಲ್ಲ. ಬೇಡ ಎಂದವಳು ನಾನು. ಯಾಕೆ ಎಂಬುದನ್ನು ಯಾರಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ. ಊರಿಗೆ ಊರೇ ಕೇಳಿತು. ಅಜ್ಜಿ ಮಾತ್ರ ಕೇಳಲಿಲ್ಲ. ಅವಳಿಗೆ ವಯಸ್ಸಾಯಿತು, ಮರೆತಿರಬೇಕು ಎಂದುಕೊಂಡಿದ್ದೆ. ಅವಳು ಬೇಸಿಗೆ ಬೇಸಿಗೆಗೆ ಅಕ್ಕಿ ಬಿಸಿಲಿಗೆ ಹಾಕುತ್ತಿದ್ದಳು. ನಾನು ಎದುರು ಕೂತು ಕಲ್ಲು ಆರಿಸುತ್ತಿದ್ದೆ. ಹುಳ ಬೀಳುತ್ತೆ, ತಿಂದುಬಿಡು ಎನ್ನುತ್ತಿದ್ದೆ.

ಒಳಕೋಣೆಗೆ ಹೋದೆ. ಗುಡಾಣಗಳ ಬಾಯಿ ತೆರೆದಿತ್ತು. ತಳದಲ್ಲಿ ಒಣಗಿದ ಬೇವಿನ ಸೊಪ್ಪು. ಹಿಂದೆಯೇ ಅಮ್ಮ ಬಂದಳು.

“ನಿಂಗೆ ಗೊತ್ತಿತ್ತಾ?” ಅಂದೆ.

“ಗೊತ್ತಿತ್ತು.”

“ಮತ್ತೆ ಯಾಕೆ ತೆಗೆಸಿದೆ?”

“ಇನ್ಯಾರು ಬಿಸಿಲಿಗೆ ಹಾಕ್ತಾರೆ ಅದನ್ನ?” ಅಮ್ಮ ಸೆರಗಿನಿಂದ ಗುಡಾಣದ ಅಂಚು ಒರೆಸಿದಳು. “ನಿಂಗೆ ಹೇಳಿದ್ರೆ ನೀನು ತೆಗೀತಿದ್ಯಾ?”

“ಇಲ್ಲ.”

“ಅದಕ್ಕೇ ಹೇಳ್ಲಿಲ್ಲ. ಮುಖ ತೊಳ್ಕೊ. ಇನ್ನೂ ಎರಡು ದೇಗು ಅನ್ನ ಅದೆ.”

ಅತ್ತುಕೊಳ್ಳುವುದಕ್ಕೂ ಬಿಡುವು ಕೊಡದಷ್ಟು ಅನ್ನ ಮಾಡಿಟ್ಟಿದ್ದೆ! ಮುಖ ತೊಳೆದುಕೊಂಡು ಹೊರಗೆ ಬಂದೆ. ನೂರ್‌ಜಾನ್ ಆಂಟಿ ಹೊಸ್ತಿಲಾಚೆ ನಿಂತು ಕೇಳುತ್ತಿದ್ದಳು: “ಮನೆಗೆ ತಗೊಂಡು ಹೋಗ್ಬಾರ್ದು ಸರಿ. ಇಲ್ಲಿ ಬಂದು ಕೂತ್ಕೊಂಡ್ರೆ?” ಕೂರಬಹುದು ಅಂದಳು ಅಮ್ಮ. ಆಂಟಿ ತನ್ನ ಮನೆಯ ಒಂಬತ್ತು ಜನರನ್ನೂ ಕರೆತಂದು ಕೂರಿಸಿದಳು. ಒಂದು ದೇಗಿನ ಅರ್ಧ ಖಾಲಿಯಾಯಿತು.

ಆಗ ಮಾವ ಮೊದಲ ಬಾರಿಗೆ ಕುರ್ಚಿ ಕೆಳಗಿಟ್ಟ. “ಮಂಡೀಲಿ ಲಾರಿ ನಿಂತವೆ,” ಅಂದ. ಚಪ್ಪಲಿ ಮೆಟ್ಟಿಕೊಂಡು ಹೋದ. ಹತ್ತು ನಿಮಿಷಕ್ಕೆ ಹಿಂದೆ ಬಂದಾಗ ಅವನ ಜೊತೆ ಈರುಳ್ಳಿ ಮೂಟೆ ಹೊರುವ ಹಮಾಲಿಗಳ ಒಂದು ದಂಡು, ಅದರ ಹಿಂದೆ ಕೇರಳಕ್ಕೆ ಹೊರಡಬೇಕಿದ್ದ ಲಾರಿಗಳ ಚಾಲಕರು. ಬೆಳಿಗ್ಗೆಯಿಂದ ಮೂಟೆ ಹೊತ್ತವರು. ಅವರಿಗೆ ಸೌಟು ಎತ್ತಿ ಬೆದರಿಸಬೇಕಾಗಿರಲಿಲ್ಲ. ಸಾರು ಇಲ್ಲ, ಮಜ್ಜಿಗೆ, ಉಪ್ಪಿನಕಾಯಿ ಅಷ್ಟೇ ಎಂದರೂ ಯಾರೂ ಮುಖ ಸಿಂಡರಿಸಲಿಲ್ಲ.

“ಯಾರ್ ತಿಥಿ ತಾಯಿ?” ಎಂದು ಒಬ್ಬ ಹಮಾಲಿ ಕೇಳಿದ.

“ನಮ್ಮ ಅಜ್ಜಿದು.”

“ಈ ಜಗುಲಿ ಮ್ಯಾಲೆ ಕೂತ್ಕತಿತ್ತಲ್ಲ, ಆ ಅಜ್ಜಿಯಾ? ಅಯ್ಯೋ, ದಿನಾ ಬೈಯೋದು ನಮ್ಮ. ಈರುಳ್ಳಿ ಸಿಪ್ಪೆ ಬೀದೀಲಿ ಸುರೀತೀರಾ ಅಂತ.” ಅವನು ಇನ್ನೊಂದು ತುತ್ತು ಬಾಯಿಗಿಟ್ಟ. “ಅಕ್ಕಿ ಬಾಳ ಚೆನ್ನಾಗದೆ. ಮದ್ವೆ ಅಕ್ಕಿ ಇದ್ದಂಗದೆ.”

ನಾನು ಅವನಿಗೆ ಇನ್ನೊಂದು ಸೌಟು ಬಡಿಸಿದೆ.

ಕೇರಳದ ಚಾಲಕನೊಬ್ಬ ಎಲೆ ತೋರಿಸಿ “ಚೇಚಿ, ಕೊರಚ್ಚು ಕೂಡಿ” ಅಂದ. ಬಡಿಸಿದೆ. ಮತ್ತೆ “ಕೊರಚ್ಚು ಕೂಡಿ.” ಮೂರನೆಯ ಸಲಕ್ಕೆ ಅರ್ಥ ಗೊತ್ತಾಯಿತು: ಅಕ್ಕಾ, ಇನ್ನೂ ಸ್ವಲ್ಪ. ಬೇರೆ ದಿನವಾಗಿದ್ದರೆ ಚೀಟಿ ತೆಗೆಯುತ್ತಿದ್ದೆ. ಅವತ್ತು ಬಡಿಸಿದೆ ಅಷ್ಟೇ. ಯಾರಾದರೂ ತಾವಾಗಿ ಇನ್ನೂ ಸ್ವಲ್ಪ ಎಂದು ಕೇಳಲಿ ಎಂದು ಬೆಳಿಗ್ಗೆಯಿಂದ ಕಾದಿದ್ದೆ.

ಬಿಸಿಲು ಇಳಿಯುವ ಹೊತ್ತಿಗೆ ಬೆಟ್ಟ ಕರಗಿತ್ತು. ಪಂಚೆ ಬರಿದಾಯಿತು, ಮಂಕರಿಗಳು ಬರಿದಾದವು. ದೇಗುಗಳನ್ನು ಆಂಟಿ ತೊಳೆದು ಉರುಳಿಸಿಕೊಂಡು ಹೋದಳು. ಸಿದ್ದಣ್ಣ ಕಿವಿಯ ಬೀಡಿ ತೆಗೆದು ಹಚ್ಚಿದ. “ನಾನು ಬಾಳ ಮದ್ವೆ ಮಾಡಿವ್ನಿ ಕಣವ್ವ, ಇಂಗೆ ಒದಗಿದ್ದ ನೋಡಿರ್ನಿಲ್ಲ,” ಅಂದ. ಅದು ಹೊಗಳಿಕೆಯೋ ಬೈಗುಳವೋ, ಯಾವ ಡಬ್ಬಿಗೆ ಹಾಕಬೇಕೋ ತಿಳಿಯಲಿಲ್ಲ.

ಮನೆಯವರೆಲ್ಲ ಉಂಡಾಗಿತ್ತು, ನಾನೊಬ್ಬಳನ್ನು ಬಿಟ್ಟು. ಅಮ್ಮ ನನಗೆಂದು ಒಂದು ಎಲೆಗೆ ತೆಗೆದಿಟ್ಟಿದ್ದ ಅನ್ನದ ಮುಂದೆ ಕೂತೆ. ತಣ್ಣಗಾಗಿದ್ದರೂ ಅಗುಳು ಅಗುಳಾಗಿ ಚೆನ್ನಾಗಿತ್ತು. ಕೈ ಇಡಬೇಕು, ಅಷ್ಟರಲ್ಲಿ ಗೇಟಿನ ಹತ್ತಿರ ಒಬ್ಬ ಬಂದು ನಿಂತ. ಆ ದಿನದ ಕೊನೆಯ ಲಾರಿಯ ಚಾಲಕ. ಮೂಟೆ ತುಂಬುವವರೆಗೆ ಲಾರಿ ಬಿಟ್ಟು ಬರಲಾಗಿರಲಿಲ್ಲವಂತೆ.

“ಚೋರುಂಡೋ?” ಎಂದು ಸಂಕೋಚದಿಂದ ಕೇಳಿದ. ಅನ್ನ ಇದೆಯಾ?

ಹಿತ್ತಿಲ ಕಡೆ ನೋಡಿದೆ. ನಾಲ್ಕೂ ದಬರಿ ಬೋರಲು ಬಿದ್ದಿದ್ದವು.

“ಉಂಟು,” ಅಂದೆ. ನನ್ನ ಎಲೆಯನ್ನು ಅವನ ಮುಂದೆ ಇಟ್ಟೆ.

ಅವನು ಕೈ ತೊಳೆದು ಎದ್ದಾಗ ಹೊಟ್ಟೆ ಸವರಿಕೊಂಡು ಆಕಾಶದ ಕಡೆ ಕೈ ಮುಗಿದ. ಅಜ್ಜಿಯ ಲೆಕ್ಕದಲ್ಲಿ ಅವನೇ ಕೊನೆಯ ಪಂಕ್ತಿ.

ಅಮ್ಮ ಎಲ್ಲವನ್ನೂ ಒಳಗಿನಿಂದ ನೋಡುತ್ತಿದ್ದಳು. ಹಿತ್ತಿಲಿಗೆ ಹೋಗಿ, ಒಂದು ದಬರಿಯನ್ನು ಎತ್ತಿ ನಿಲ್ಲಿಸಿ, ತಳ ಕೆರೆದಳು. ತಳ ಹಿಡಿದು ಕೆಂಪಾಗಿದ್ದ ಒಂದು ಹಿಡಿ ಅನ್ನ ಬಂತು. ಅದಕ್ಕೆ ಮಜ್ಜಿಗೆ ಹೊಯ್ದು ಬಟ್ಟಲಲ್ಲಿ ತಂದಿಟ್ಟಳು.

ಜಗಲಿಯ ಮೇಲೆ, ಗೋಡೆಗೆ ಒರಗಿ ಕೂತು ಫೋನು ತೆಗೆದೆ. ರೆಕಾರ್ಡರ್ ಒತ್ತಿದೆ. “ಒದಗೋದು ಅಂಗಲ್ಲ. ಮೆಲ್ಲಕೆ ಆಯ್ತದೆ. ಇರು, ಇನ್ನೂ ಅದೆ, ಕೇಳು...” ಆಮೇಲೆ ನನ್ನ ದನಿ. “ಸಾಕಜ್ಜಿ, ಅರ್ಥ ಸಿಕ್ತು!” ಅಲ್ಲಿಗೆ ಮುಗಿಯಿತು. ಒಟ್ಟು ಒಂದು ನಿಮಿಷವೂ ಇಲ್ಲ. ಮೂರು ಸಲ ಕೇಳಿದೆ. ಮೂರು ಸಲವೂ ಅಲ್ಲಿಗೇ ಮುಗಿಯಿತು.

ಮೊನ್ನೆ ಸಂಪಾದಕರು ಫೋನ್ ಮಾಡಿದ್ದರು. ‘ಒದಗು’ ಪದಕ್ಕೆ ಉದಾಹರಣೆ ಬಂದಿಲ್ಲ, ಚೀಟಿ ಖಾಲಿ ಇದೆ ಎಂದರು. ಹುಡುಕುತ್ತಿದ್ದೇನೆ ಸರ್ ಎಂದೆ. ನಿಮ್ಮ ಅಜ್ಜಿಯನ್ನೇ ಕೇಳಿಬಿಡಿ ಎಂದರು. ಅವರಿಗೆ ಸುದ್ದಿ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ತಿಥಿಯ ಆ ಸಂಜೆ ಬಟ್ಟಲಿನ ಹಿಡಿ ಅನ್ನ ಎಷ್ಟು ನಿಧಾನವಾಗಿ ತಿಂದರೂ ನಾಲ್ಕು ತುತ್ತಿಗೇ ಮುಗಿದಿತ್ತು. ನೆಂಟರು, ನೆರೆಯವರು, ಹಮಾಲಿಗಳು, ಎರಡು ರಾಜ್ಯಗಳ ಲಾರಿ ಚಾಲಕರು, ಎಲ್ಲರೂ ಹೊಟ್ಟೆ ತುಂಬಿ ಎದ್ದರು. ಅಜ್ಜಿಯ ತಿಥಿಯಲ್ಲಿ ಅರೆಹೊಟ್ಟೆಯಲ್ಲಿ ಎದ್ದದ್ದು ನಾನೊಬ್ಬಳೇ. ಅಜ್ಜಿ ಎದ್ದುಬಂದು ಕೇಳುತ್ತಾಳೇನೋ ಎಂದು ಕತ್ತಲಾಗುವವರೆಗೆ ಜಗಲಿಯ ಮೇಲೇ ಕೂತಿದ್ದೆ.

ಬರಲಿಲ್ಲ. ಎಂ.ಎ. ಮಾಡಿದವಳು ನಾನು, ಅದೂ ಪ್ರಥಮ ದರ್ಜೆ, ಅಜ್ಜಿ ಬರುತ್ತಾಳೆ ಎಂದು ಕಾದಿದ್ದೆ!